ಡೀಸೆಲ್ಲಿಗೆ ಲ್ಯಾಕ್ಟೋಮೀಟರ್ ಬಿಟ್ಟವನು

ನನಗಾದ ಅನ್ಯಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಭಾಮೈದ, ಅಂದರೆ ನನ್ನ ಹೆಂಡತಿಯ ಒಡಹುಟ್ಟಿದ ತಮ್ಮ, ನಮ್ಮಿಬ್ಬರಿಗೂ ಸೇರಿದ ಗಾಡಿಯ ಡೀಸೆಲ್ ಟ್ಯಾಂಕಿನೊಳಗೆ ನೀರು ಹೋಗಿದೆಯೆಂದು ಬಲ್ಲವನಾಗಿಯೂ ಆ ಸಂಗತಿಯನ್ನು ಮುಚ್ಚಿಟ್ಟ. ಮುಚ್ಚಿಟ್ಟದ್ದು ಸಾಲದೆಂಬಂತೆ, ಗಾಡಿ ನಡುದಾರಿಯಲ್ಲಿ ನಿಂತಾಗ, ನೆರೆದ ಜನರೆದುರು, ಡೀಸೆಲ್ಲನ್ನು ಪರೀಕ್ಷಿಸಿ ಒಪ್ಪಿಗೆ ಕೊಟ್ಟವನು ನಾನೇ ಎಂದು ಸಾರಿದ. ಈ ಎರಡನೆಯ ಮಾತು ಸತ್ಯವಾಗಿತ್ತು. ನನ್ನ ಸಿಟ್ಟು ಇಂದಿಗೂ ಆರದಿರುವುದಕ್ಕೆ ಮುಖ್ಯ ಕಾರಣ ಅದೇ.

ನಾನು ಯಾರೆಂದು ತಿಳಿಸದೆ ಹೋದರೆ ಆ ಮಾತಿನ ಇರಿತ ಓದುವವರಿಗೆ ಗೊತ್ತಾಗುವುದಿಲ್ಲ. ತಿಪಟೂರಿನಿಂದ ಹುಳಿಯಾರಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಹಾಲಿನ ಡೇರಿಗೆ ಮೊದಲು ಪರೀಕ್ಷಕನಾಗಿಯೂ ಆಮೇಲೆ ಕಾರ್ಯದರ್ಶಿಯಾಗಿಯೂ ದುಡಿದು ನಿವೃತ್ತನಾದವನು ನಾನು. ನನ್ನ ಆಯುಷ್ಯದ ಬಹುಪಾಲು ಕಳೆದದ್ದು ಒಂದೇ ಕೆಲಸದಲ್ಲಿ: ಹಾಲಿನಲ್ಲಿ ನೀರನ್ನು ಹಿಡಿಯುವುದು. ಲ್ಯಾಕ್ಟೋಮೀಟರ್ ಎಂಬ ಗಾಜಿನ ಕಡ್ಡಿಯನ್ನು ಹಾಲಿಗೆ ಬಿಟ್ಟರೆ ಗಟ್ಟಿ ಹಾಲಿನಲ್ಲಿ ಅದು ತೇಲುತ್ತದೆ, ನೀರು ಬೆರೆತ ಹಾಲಿನಲ್ಲಿ ಇಳಿಯುತ್ತದೆ. ಕಡ್ಡಿ ಇಳಿದ ಕ್ಯಾನನ್ನು ನಾನು ವಾಪಸ್ಸು ಕಳಿಸುತ್ತಿದ್ದೆ. ನೆಂಟರು, ಪಂಚಾಯಿತಿ ಮೆಂಬರು, ನನ್ನ ಮನೆಯ ಮಾಲೀಕ, ಯಾರ ಕ್ಯಾನೂ ಅದಕ್ಕೆ ಹೊರತಾಗಿರಲಿಲ್ಲ. ನಿವೃತ್ತಿಯ ದಿನ ನನಗೆ ಹಾರ ಹಾಕಲು ಬಂದವರಿಗಿಂತ ನಾನು ಹೊರಟೆನೇ ಎಂದು ಖಚಿತಪಡಿಸಿಕೊಳ್ಳಲು ಬಂದವರೇ ಹೆಚ್ಚಿದ್ದರು. ಆಮೇಲೆ ನಾವು ತುರುವೇಕೆರೆಯಲ್ಲಿ ಮನೆ ಮಾಡಿದೆವು. ಲ್ಯಾಕ್ಟೋಮೀಟರನ್ನು ಪಂಚೆಯ ತುಂಡಿನಲ್ಲಿ ಸುತ್ತಿ ಜೊತೆಗೆ ತಂದೆ.

ಇನ್ನು ಗಾಡಿಯ ವಿಷಯ. ನನ್ನ ಹೆಂಡತಿಗೆ ಮೂತ್ರವನ್ನು ಬಹಳ ಹೊತ್ತು ತಡೆದುಕೊಳ್ಳಲಾಗದ ತೊಂದರೆ ಕೆಲವು ವರ್ಷಗಳಿಂದ ಇದೆ. ಬಸ್ಸು ಹತ್ತಬೇಕಾದ ದಿನ ಅವಳು ಬೆಳಗಿನಿಂದ ನೀರು ಮುಟ್ಟುತ್ತಿರಲಿಲ್ಲ. ಬಾಯಿ ಒಣಗಿಸಿಕೊಂಡು ಕಿಟಕಿಯ ಸರಳು ಹಿಡಿದು ಕೂರುತ್ತಿದ್ದಳು. ಕೊನೆಗೆ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಳು. ಕೇಳಿದವರಿಗೆ ಮಂಡಿನೋವು ಎನ್ನುತ್ತಿದ್ದಳು. ಇದನ್ನು ನೋಡಲಾರದೆ ನಾನೂ ಭಾಮೈದನೂ ಸೇರಿ ಒಂದು ಹಳೆಯ ಮಿನಿಬಸ್ಸು ಕೊಂಡು, ಅದರೊಳಗೆ ಒಂದು ಮಂಚ, ಒಂದು ಗ್ಯಾಸಿನ ಒಲೆ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಪುಟ್ಟ ಶೌಚಾಲಯ ಮಾಡಿಸಿದೆವು. ತಿಳಿದವರು ಅಂಥದಕ್ಕೆ ಕ್ಯಾರವಾನ್ ಎನ್ನುತ್ತಾರೆ. ನನ್ನ ಹೆಂಡತಿ ಮನೆಗಾಡಿ ಎನ್ನುತ್ತಾಳೆ. ಭಾಮೈದನೇ ಓಡಿಸುತ್ತಿದ್ದ. ಅವಳು ಹಿಂದೆ ಕೂತು ಲೋಟಗಟ್ಟಲೆ ನೀರು ಕುಡಿಯುತ್ತ ದಾರಿಯುದ್ದಕ್ಕೂ ತೋಟಗಳನ್ನು ನೋಡುತ್ತಿದ್ದುದನ್ನು ನಾನು ಕನ್ನಡಿಯಲ್ಲಿ ಕಂಡಿದ್ದೇನೆ.

ತುರುವೇಕೆರೆಯ ನಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಲು ಆಗ ನೆರಳಿರಲಿಲ್ಲ. ಆದ್ದರಿಂದ ಮಳೆಗಾಲಕ್ಕೆ ಅದನ್ನು ನೊಣವಿನಕೆರೆಯ ಹತ್ತಿರ ಭಾಮೈದನ ತೋಟದಲ್ಲಿ, ಕೊಬ್ಬರಿ ಕಾಯಿ ಹಾಕುವ ಶೆಡ್ಡಿನೊಳಗೆ ಬಿಟ್ಟೆವು. ಬಿಡುವಾಗ ನಾನು ಎರಡು ಮುನ್ನೆಚ್ಚರಿಕೆ ವಹಿಸಿದೆ. ಟ್ಯಾಂಕಿನಲ್ಲಿ ಡೀಸೆಲ್ ಇದ್ದರೆ ಯಾರಾದರೂ ಕದ್ದಾರು ಎಂದು ಅದನ್ನು ತಳ ಮುಟ್ಟುವವರೆಗೆ ಖಾಲಿ ಮಾಡಿಸಿದೆ. ಉಳಿದ ತೊಟ್ಟನ್ನೂ ಕದ್ದಾರು ಎಂದು ಮುಚ್ಚಳಕ್ಕೆ ಬೀಗ ಹಾಕಿ ಕೀಲಿಯನ್ನು ನನ್ನ ಜೇಬಿನಲ್ಲಿಟ್ಟುಕೊಂಡು ಬಂದೆ. ಈ ಎರಡೂ ತಪ್ಪು ಕೆಲಸಗಳೆಂದು ನನಗೆ ಆಮೇಲೆ ಬೇರೆ ಬೇರೆ ಜನ ಬೇರೆ ಬೇರೆ ಧಾಟಿಯಲ್ಲಿ ತಿಳಿಸಿಕೊಟ್ಟಿದ್ದಾರೆ. ಖಾಲಿ ಟ್ಯಾಂಕಿನೊಳಗೆ ತುಂಬಿಕೊಳ್ಳುವುದು ಗಾಳಿ. ಹಗಲ ಬಿಸಿಗೂ ಇರುಳ ತಂಪಿಗೂ ಆ ಗಾಳಿಯಲ್ಲಿನ ತೇವ ಟ್ಯಾಂಕಿನ ಗೋಡೆಗೆ ಬೆವರಿನಂತೆ ಕೂತು ಕೆಳಗಿಳಿಯುತ್ತದೆ. ಟ್ಯಾಂಕು ತುಂಬಿದ್ದರೆ ಗಾಳಿಗೆ ಜಾಗವೇ ಇರುವುದಿಲ್ಲ. ಮುಚ್ಚಿದ ಪಾತ್ರೆ ತಣ್ಣಗಾದಾಗ ಮುಚ್ಚಳದಡಿ ಹನಿಗಟ್ಟುವುದನ್ನು ದಿನವೂ ನೋಡುವ ಅಡಿಗೆಮನೆಯವರಿಗೆ ಇದು ಹೊಸದಲ್ಲ. ನಾನು ಡೇರಿಯವನು, ಮುಚ್ಚಳ ತೆಗೆದ ಮೇಲಿನ ವ್ಯವಹಾರವಷ್ಟೇ ನನ್ನದಾಗಿತ್ತು.

ಗಾಡಿ ಮತ್ತೆ ಬೇಕಾದದ್ದು ಕಾರ್ತಿಕದಲ್ಲಿ. ಹುಳಿಯಾರಿನಲ್ಲಿರುವ ನನ್ನ ಹೆಂಡತಿಯ ತಂಗಿಯ ಮಗಳಿಗೆ ಸೀಮಂತ ಗೊತ್ತಾಯಿತು. ನಮಗೆ ಮಕ್ಕಳಿಲ್ಲ. ಈ ಹುಡುಗಿ ನಮ್ಮ ಮನೆಯಲ್ಲಿದ್ದು ಓದಿದವಳು. ನನ್ನ ಹೆಂಡತಿ ಅವಳ ಜಡೆ ಹೆಣೆಯದೆ ಕಾಲೇಜಿಗೆ ಕಳಿಸಿದ ದಿನವಿಲ್ಲ. ಅವಳೇ ಫೋನು ಮಾಡಿ, "ದೊಡ್ಡಮ್ಮ, ಮೊದಲ್ನೇ ಬಳೆ ನೀನೇ ತೊಡಿಸ್ಬೇಕು. ನೀನು ಬರದೆ ನಾನು ಕೈ ನೀಡಲ್ಲ," ಎಂದಿದ್ದಳು. ಆ ಮಾತನ್ನು ನನ್ನ ಹೆಂಡತಿ ಹಾಲಿನವನಿಗೂ ಹೇಳಿದಳು, ಹೂವಿನವಳಿಗೂ ಹೇಳಿದಳು. ಹಸಿರು ಬಳೆಗಳನ್ನು ತಾನೇ ಆರಿಸಿ ತಂದು, ಒಂದೂ ಒಡೆಯದಂತೆ ಟವೆಲ್ಲಿನಲ್ಲಿ ಸುತ್ತಿ, ಆ ಗಂಟನ್ನು ಮಂಚದ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದಳು.

ಸೀಮಂತದ ಹಿಂದಿನ ದಿನ ನಾವು ನೊಣವಿನಕೆರೆಗೆ ಹೋದೆವು. ಭಾಮೈದ ಶೆಡ್ಡಿನ ಬಾಗಿಲಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದ. ನಾನು ನೇರವಾಗಿ ಟ್ಯಾಂಕಿನ ಹತ್ತಿರ ಹೋಗಿ ಜೇಬಿನಿಂದ ಕೀಲಿ ತೆಗೆದು ಹಾಕಿದೆ. ಅದು ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ಸಲೀಸಾಗಿ ತಿರುಗಿತು. ಮೊದಲೆಲ್ಲ ಬಹಳ ಬಿಗಿಯಾಗಿದ್ದ ಬೀಗ ಅದು.

"ನೋಡಿದೆಯೇನಪ್ಪ," ಎಂದೆ ಭಾಮೈದನಿಗೆ. "ಹೋಗುವಾಗ ಎರಡು ತೊಟ್ಟು ಎಣ್ಣೆ ಬಿಟ್ಟಿದ್ದೆ. ವಸ್ತುವನ್ನು ಇಟ್ಟುಕೊಳ್ಳುವ ಕ್ರಮ ಅಂದರೆ ಇದು."

"ಹೌದು ಭಾವ, ಎಣ್ಣೆ ಕೆಲ್ಸ ಮಾಡ್ಯದೆ," ಎಂದ ಅವನು. ಪಕ್ಕದಲ್ಲೇ ನಿಂತಿದ್ದ ಅವನ ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಹಿರಿಯರ ಮುಂದೆ ಹೆಣ್ಣುಮಕ್ಕಳು ತೋರುವ ಸಂಕೋಚ ಎಂದು ನಾನು ಭಾವಿಸಿದೆ.

ಬಂಕಿನವರೆಗೆ ಸಾಲುವಷ್ಟು ಡೀಸೆಲ್ಲನ್ನು ಭಾಮೈದ ಕ್ಯಾನಿನಲ್ಲಿ ತಂದಿಟ್ಟಿದ್ದ, ಅದನ್ನು ಟ್ಯಾಂಕಿಗೆ ಸುರಿಸಿದ ಮೇಲೆ ನನ್ನ ಪರೀಕ್ಷೆ ನಡೆಯಿತು. ಅದನ್ನು ವಿವರವಾಗಿ ಹೇಳುವುದು ನನಗೆ ಹಿತವಲ್ಲ. ಆದರೆ ಭಾಮೈದ ಇದನ್ನು ಊರೂರಿನಲ್ಲಿ ತನ್ನದೇ ಅಭಿನಯದೊಂದಿಗೆ ಹೇಳುತ್ತಿರುವುದರಿಂದ ಸರಿಯಾದ ಪಾಠ ನನ್ನಿಂದಲೇ ದೊರೆಯುವುದು ಒಳ್ಳೆಯದು. ಮೊದಲು ನಾನು ಬಗ್ಗಿ ಟ್ಯಾಂಕಿಗೆ ಕಿವಿಯಿಟ್ಟು ಬೆರಳ ಗಿಣ್ಣಿನಿಂದ ಬಡಿದೆ. ನಮ್ಮ ಸೀಮೆಯಲ್ಲಿ ಹುಟ್ಟಿದವನ ಕೈ ಮುಚ್ಚಿದ ವಸ್ತುವನ್ನು ಕಂಡರೆ ಹಾಗೆ ಮಾಡಿಯೇ ಮಾಡುತ್ತದೆ. ಅಟ್ಟದ ಮೇಲಿನ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರಿದೆಯೋ ಇಂಗಿದೆಯೋ, ಕೊಬ್ಬರಿ ಕರಟ ಬಿಟ್ಟಿದೆಯೋ ಇಲ್ಲವೋ ಎಂದು ಹೇಳುವ ಕಿವಿ ನಮ್ಮದು. ಟ್ಯಾಂಕನ್ನು ಅಲ್ಲಾಡಿಸುವುದು ಆಗದ ಮಾತಾದ್ದರಿಂದ ಗಾಡಿಯನ್ನೇ ಭುಜಕೊಟ್ಟು ತುಸು ತೂಗಿದೆ. ಏನೋ ಕುಲುಕಿತು. ಡೀಸೆಲ್ಲೂ ಕುಲುಕುತ್ತದೆ ಎಂಬ ಸಂಗತಿ ಹೊಳೆದು ನೆಟ್ಟಗೆ ನಿಂತೆ.

ಆಮೇಲೆ ಒಂದು ಸಪೂರ ಕೊಳವೆಯನ್ನು ಒಳಗೆ ಬಿಟ್ಟು ಡೀಸೆಲ್ಲನ್ನು ಸೆಳೆದು ಉದ್ದನೆಯ ಗಾಜಿನ ಲೋಟಕ್ಕೆ ತುಂಬಿದೆ. ಜೇನಿನ ಬಣ್ಣ, ನಿಚ್ಚಳ. ಪಂಚೆಯ ತುಂಡು ಬಿಚ್ಚಿ ಲ್ಯಾಕ್ಟೋಮೀಟರನ್ನು ಹೊರತೆಗೆದು, ಕಣ್ಣಿನ ಮಟ್ಟಕ್ಕೆ ಲೋಟ ಹಿಡಿದು, ಮೆಲ್ಲಗೆ ಬಿಟ್ಟೆ. ಅದು ಕ್ಷಣವೂ ತಡೆಯದೆ ತಳಕ್ಕಿಳಿದು ಟಕ್ಕೆಂದಿತು.

ನನ್ನ ವೃತ್ತಿಜೀವನದಲ್ಲಿ ಆ ಕಡ್ಡಿ ತಳ ಮುಟ್ಟಿದ್ದನ್ನು ನಾನು ಕಂಡವನಲ್ಲ.

"ಏನ್ ಭಾವ, ಬರೀ ನೀರೇನಾ?" ಎಂದ ಭಾಮೈದ. ಅವನ ದನಿಯಲ್ಲಿ ನಗೆಯ ಜೊತೆ ಇನ್ನೇನೋ ಇತ್ತು. ಅದು ಭಯವೆಂದು ಈಗ ಗೊತ್ತಿದೆ.

"ಡೀಸೆಲ್ಲು ನೀರಿಗಿಂತ ಹಗುರ. ಹಗುರವಾದದ್ದರಲ್ಲಿ ಕಡ್ಡಿ ಮುಳುಗಲೇಬೇಕು. ಇದು ಶುದ್ಧವಾಗಿದೆ ಎನ್ನುವುದಕ್ಕೆ ಇದೇ ಸಾಕ್ಷಿ," ಎಂದೆ. ಒಂದು ನಿಯಮವನ್ನು ಬೇಕಾದ ಹಾಗೆ ತಿರುಗಿಸಿದ ಹಾಲಿನವರನ್ನೆಲ್ಲ ಬೈದು ಕಳಿಸಿದ್ದ ನಾನು, ಆ ಸಂಜೆ ಅವರೆಲ್ಲರನ್ನೂ ಮೀರಿಸಿದೆ. ಹಗುರ ಎಂದು ಬಾಯಲ್ಲಿ ಹೇಳಿದವನಿಗೆ ಅದರ ಮುಂದಿನ ಹೆಜ್ಜೆ ತೋಚಲಿಲ್ಲ. ಡೀಸೆಲ್ಲು ಹಗುರವಾದ್ದರಿಂದ ನೀರು ಅದರೊಡನೆ ಬೆರೆಯದೆ ತಳದಲ್ಲಿ ಕೂರುತ್ತದೆ. ನಾನು ಸೆಳೆದದ್ದು ಮೇಲಿನದು. ಹಾಲಿನ ಕ್ಯಾನಿನಲ್ಲಿ ಮೇಲಿನ ಸೌಟಿಗೂ ತಳದ ಸೌಟಿಗೂ ವ್ಯತ್ಯಾಸವಿಲ್ಲ. ಕಲಕಿ ಒಂದು ಸೌಟು ತೆಗೆದರೆ ಇಡೀ ಕ್ಯಾನಿನ ಗುಣ ತಿಳಿಯುತ್ತದೆ. ಆ ಅಭ್ಯಾಸದ ಕೈ ಟ್ಯಾಂಕಿನ ತಳಕ್ಕೆ ಹೋಗಲೇ ಇಲ್ಲ.

"ಹಂಗಾರೆ ಪಾಸಾ ಭಾವ?" ಎಂದು ಭಾಮೈದ ಕೇಳಿದ.

"ಪಾಸು," ಎಂದೆ.

ಮರುದಿನ ಬೆಳಿಗ್ಗೆ ಗಾಡಿ ಹತ್ತುವ ಹೊತ್ತಿಗೆ ಭಾಮೈದನ ಹೆಂಡತಿ ಕಾಣಲಿಲ್ಲ. ಗಾಡಿಯಲ್ಲಿ ಕೂತರೆ ತಲೆ ಸುತ್ತುತ್ತದೆಂದು ಹೇಳಿ ಅವಳು ಮೊದಲ ಬಸ್ಸಿಗೇ ಹೋದಳು ಎಂದು ತಿಳಿಯಿತು. ಅದಕ್ಕೆ ಮೊದಲು ಎಂದೂ ಅವಳಿಗೆ ಆ ಗಾಡಿಯಲ್ಲಿ ತಲೆ ಸುತ್ತಿದ್ದಿಲ್ಲ. ಈ ಸಂಗತಿಯನ್ನು ನಾನು ಅಂದೇ ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಂಡೆ. ಅಲ್ಲಿ ಇಟ್ಟದ್ದು ಯಾವುದೂ ಕಳೆಯುವುದಿಲ್ಲ.

ದಾರಿಯಲ್ಲಿ ಬಂಕಿನಲ್ಲಿ ಡೀಸೆಲ್ ತುಂಬಿಸಿದೆವು. ತಿಪಟೂರು ದಾಟುವವರೆಗೆ ಗಾಡಿ ಸಭ್ಯವಾಗಿತ್ತು. ಆಮೇಲೆ ಒಂದು ಏರಿನಲ್ಲಿ ಬಿಕ್ಕಿತು. ಮತ್ತೆ ಬಿಕ್ಕಿತು. ಹಿಂದೆ ಬಿಳಿ ಹೊಗೆ ಎದ್ದಿತು. ಭಾಮೈದ ಗೇರು ಬದಲಿಸಿದ, ಕಾಲು ಒತ್ತಿದ, ಕೊನೆಗೆ ಮನೆದೇವರನ್ನು ನೆನೆದ. ಗಾಡಿ ಎರಡು ಸಲ ಮೈ ಜಾಡಿಸಿ ರಸ್ತೆಯ ಅಂಚಿಗೆ ಉರುಳಿ ನಿಂತಿತು. ನಾನು ಕಿಟಕಿಯಿಂದ ತಲೆ ಹಾಕಿ ನೋಡಿದೆ. ನಿಂತ ಜಾಗ ಯಾವುದೆಂದು ತಿಳಿದಾಗ ತಲೆಯನ್ನು ಒಳಗೆ ತೆಗೆದುಕೊಂಡೆ. ಅದು ನಾನು ಕೆಲಸ ಮಾಡಿದ ಹಳ್ಳಿಗೆ ಒಳದಾರಿ ತಿರುಗುವ ಗೇಟು. ಎದುರಿಗೆ ಚಹಾದ ಅಂಗಡಿ. ಅಂಗಡಿಯ ಮುಂದೆ ಬೆಳಗಿನ ಹಾಲು ಹಾಕಿ ಬಂದವರ ಸಾಲು.

ತಿಪಟೂರಿನಿಂದ ಬೈಕಿನಲ್ಲಿ ಬಂದ ಮೆಕ್ಯಾನಿಕ್ಕು ಡೀಸೆಲ್ ಫಿಲ್ಟರಿನ ಅಡಿಯ ತಿರುಪನ್ನು ಸಡಿಲಿಸಿ, ಬಂದದ್ದನ್ನು ನೀರಿನ ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿದ. ಮೇಲೆ ಡೀಸೆಲ್, ಕೆಳಗೆ ನೀರು, ನಡುವೆ ಕಪ್ಪು ಲೋಳೆಯ ಒಂದು ತೆಳುಪದರ. ನೀರೇ ಹೆಚ್ಚಿತ್ತು.

"ಟ್ಯಾಂಕು ಪೂರ್ತಿ ಇಳಿಸಿ ತೊಳೀಬೇಕು ಸಾರ್. ಪೈಪಿಗೆಲ್ಲಾ ಹೋಗಿದೆ. ಹೊರಡೋ ಮುಂಚೆ ಯಾರೂ ನೋಡ್ಲಿಲ್ವಾ?" ಎಂದು ಅವನು ಕೇಳಿದ.

ಅಷ್ಟು ಹೊತ್ತಿಗೆ ಅಂಗಡಿಯ ಸಾಲು ಗಾಡಿಯ ಸುತ್ತ ಬಂದು ನಿಂತಿತ್ತು. ಭಾಮೈದ ಎಲ್ಲರಿಗೂ ಕೇಳಿಸುವಂತೆ ಹೇಳಿದ: "ನಮ್ ಭಾವನೇ ಟೆಸ್ಟ್ ಮಾಡಿ ಪಾಸ್ ಮಾಡಿದ್ರು ಕಣಪ್ಪ. ಲ್ಯಾಕ್ಟೋಮೀಟ್ರು ಬುಟ್ಟು ನೋಡಿದ್ರು."

ನಗು ಏಳಲು ಸ್ವಲ್ಪ ಸಮಯ ಹಿಡಿಯಿತು. ಕೆಲವರಿಗೆ ಪಕ್ಕದವರು ವಿವರಿಸಬೇಕಾಯಿತು. ಆಗ ಮೊಪೆಡ್ಡಿಗೆ ಖಾಲಿ ಕ್ಯಾನು ತಗಲಿಸಿಕೊಂಡಿದ್ದ ಮುದುಕನೊಬ್ಬ ಮುಂದೆ ಬಂದ. ನೋಡಿದ ಕೂಡಲೇ ಗುರುತಿಸಿದೆ. ಹಿಂದೊಮ್ಮೆ ಎಲ್ಲರೆದುರು ನಾನು ಅವನ ಕ್ಯಾನನ್ನು ವಾಪಸ್ಸು ಕಳಿಸಿದ್ದೆ. ಹಸು ಮಳೆಯಲ್ಲಿ ನೆನೆದಿತ್ತು, ಅದಕ್ಕೇ ಹಾಲು ತೆಳ್ಳಗಾಗಿದೆ ಎಂದು ಅವನು ಅಂದು ವಾದಿಸಿದ್ದ. ಆ ವಾದವನ್ನು ನಾನು ಬಹಳ ದಿನ ಬೇರೆಯವರಿಗೆ ಹೇಳಿ ನಗಿಸಿದ್ದೆ.

"ಏನ್ ಸೆಕ್ರೆಟ್ರಿಗಳೆ, ಎಷ್ಟು ಡಿಗ್ರಿ ಬಂತು?" ಎಂದು ಅವನು ಕೇಳಿದ.

ನಾನು ಮೆಕ್ಯಾನಿಕ್ಕಿನ ಕಡೆ ತಿರುಗಿ ಇನ್ನೆಷ್ಟು ಹೊತ್ತು ಹಿಡಿಯುತ್ತದೆಂದು ಕೇಳಿದೆ.

"ನೀರು ಯಾರು ಬೆರೆಸಿದ್ದು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಆಗಕ್ಕಿಲ್ಲ ಕಣ್ರೀ. ನಾನೂ ಅವತ್ತು ಗೊತ್ತಿಲ್ಲ ಅಂತ್ಲೇ ಅಂದಿದ್ದು. ನೀವು ಕೇಳಿದ್ರಾ?" ಎಂದವನು ಬಾಟಲಿಯನ್ನು ಮೆಕ್ಯಾನಿಕ್ಕಿನ ಕೈಯಿಂದ ತೆಗೆದುಕೊಂಡು, ತಿರುಗಿಸಿ ನೋಡಿ, ನನ್ನ ಮೇಲೆ ಕರುಣೆ ತೋರುವವನಂತೆ ಹೇಳಿದ: "ಹೋಗ್ಲಿ ಬುಡಿ. ಗಾಡಿ ಮಳೇಲಿ ನೆಂದಿರ್ಬೇಕು."

ಈ ಮಾತಿಗೆ ಎದ್ದ ನಗೆ ಎಷ್ಟು ಹೊತ್ತು ನಡೆಯಿತೆಂದು ನಾನು ಬರೆಯಲಾರೆ. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತೆಂದು ಅಲ್ಲಿ ತಿಳಿದಿದ್ದವನು ಭಾಮೈದ ಒಬ್ಬನೇ. ಅವನು ಮಾತ್ರ ನಗದೆ ಟೈರನ್ನು ನೋಡುತ್ತ ನಿಂತಿದ್ದ.

ನನ್ನ ಹೆಂಡತಿ ರೇಷ್ಮೆ ಸೀರೆಯುಟ್ಟು ಬಳೆಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡು ಒಳಗೆ ಕೂತಿದ್ದಳು. ಬಾಡಿಗೆ ಕಾರು ತರಿಸುತ್ತೇನೆಂದೆ. ಬೇಡವೆಂದಳು, ಮಂಡಿನೋವು ಎಂದಳು. ಆ ನೋವಿನ ನಿಜವಾದ ಹೆಸರು ಗೊತ್ತಿದ್ದ ನಾನು ಕಾರಿನ ಮಾತು ಬಿಟ್ಟೆ. ಕೆಟ್ಟು ನಿಂತ ಗಾಡಿಗಳಲ್ಲೆಲ್ಲ ಮನುಷ್ಯರು ನೆಮ್ಮದಿಯಾಗಿ ಕಾಯಬಹುದಾದ ಗಾಡಿ ನಮ್ಮದೊಂದೇ ಎಂಬುದು ಆ ದಿನದ ಏಕೈಕ ಸಮಾಧಾನ. ಸ್ವಲ್ಪ ಹೊತ್ತಾದ ಮೇಲೆ ಅವಳು ಎದ್ದು ಒಲೆ ಹಚ್ಚಿ, ಬಿಸಿಲಲ್ಲಿ ದುಡಿಯುತ್ತಿದ್ದ ಮೆಕ್ಯಾನಿಕ್ಕಿಗೆ ಕಾಫಿ ಮಾಡಿದಳು. ಅವನೊಬ್ಬನಿಗೆ ಕೊಡುವುದು ಸರಿಯಲ್ಲವೆಂದು ನನ್ನನ್ನು ನೋಡಿ ನಕ್ಕವರಿಗೂ ಕೊಟ್ಟಳು.

ಮೊಪೆಡ್ಡಿನ ಮುದುಕ ಒಂದು ಗುಟುಕು ಕುಡಿದು ತಲೆದೂಗಿದ. "ಹಾಲು ಗಟ್ಟಿಯಾಗೈತೆ ತಾಯಿ. ಯಜಮಾನ್ರು ಚೆಕ್ ಮಾಡಿರ್ಬೇಕು."

"ಅವ್ರು ಚೆಕ್ ಮಾಡಿದ್ದು ಇದಲ್ಲ ಕಣಪ್ಪ," ಎಂದಳು ನನ್ನ ಹೆಂಡತಿ. ನನ್ನ ಕಡೆಯವರೆಂದು ನಾನು ನಂಬಿಕೊಂಡಿದ್ದ ಕೊನೆಯ ವ್ಯಕ್ತಿಯೂ ಹೀಗೆ ಆಚೆ ದಡ ಸೇರಿದಳು.

ಟ್ಯಾಂಕು ಇಳಿಸಿ, ತೊಳೆದು, ಒಣಗಿಸಿ, ಹೊಸ ಫಿಲ್ಟರು ತರಿಸಿ ಕೂರಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಹುಳಿಯಾರಿನಿಂದ ಬೆಳಗಿನಿಂದ ಬರುತ್ತಿದ್ದ ಫೋನುಗಳು ಮಧ್ಯಾಹ್ನದ ನಂತರ ನಿಂತಿದ್ದವು. ಭಾಮೈದ ಗಾಡಿ ಚಾಲು ಮಾಡಿ, "ಹೋಗಾನಾ ಅಕ್ಕ? ಇನ್ನೊಂದು ಗಂಟೇಲಿ ಹುಳಿಯಾರು," ಎಂದ.

"ಯಾಕೋ? ಬಳೆ ತೊಡಿಸಿ ಆಗಿರುತ್ತೆ. ತಿರುಗಿಸು," ಎಂದಳು. ಹಿಂತಿರುಗುವಾಗ ಅವಳು ನೀರು ಕುಡಿಯಲಿಲ್ಲ. ನಾನು ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ.

ಆ ವಾರವೇ ನನ್ನ ತನಿಖೆ ಆರಂಭವಾಯಿತು. ಮೆಕ್ಯಾನಿಕ್ಕು ತಳದಿಂದ ಇಳಿಸಿದ ನೀರನ್ನು ಒಂದು ದೊಡ್ಡ ಬಾಟಲಿಯಲ್ಲಿ ಕೇಳಿ ತಂದಿದ್ದೆ. ಬಂಕಿನವರ ಡೀಸೆಲ್ಲಿನಲ್ಲೇ ನೀರಿತ್ತೆಂಬ ಅನುಮಾನಕ್ಕೆ ಆಸ್ಪದವಿರಲಿಲ್ಲ. ಅಂದು ಅಲ್ಲಿ ತುಂಬಿಸಿಕೊಂಡ ಬೇರೆ ಯಾವ ಗಾಡಿಯೂ ನಿಂತಿರಲಿಲ್ಲ. ಟ್ಯಾಂಕಿನ ಬೆವರಿನಿಂದ ಅಷ್ಟೊಂದು ನೀರು ಇಳಿಯುವುದೂ ಅಸಂಭವ. ಬಾಟಲಿಯನ್ನು ಕಿಟಕಿಯ ಮೇಲಿಟ್ಟು ಕನ್ನಡಕ ಹಾಕಿಕೊಂಡು ನೋಡಿದಾಗ ತಳದಲ್ಲಿ ಕಂದು ಎಳೆಗಳು ಕಂಡವು. ಶೋಧಿಸಿ ಅಂಗೈ ಮೇಲೆ ಹರಡಿಕೊಂಡೆ. ತೆಂಗಿನ ನಾರು. ಎಳೆಗಳನ್ನು ಕಾಗದದಲ್ಲಿ ಮಡಿಸಿಕೊಂಡು ನೊಣವಿನಕೆರೆಗೆ ಹೋಗಿ ಗಾಡಿಯ ಮುಚ್ಚಳವನ್ನು ಬಿಚ್ಚಿ ನೋಡಿದರೆ ಅದರೊಳಗಿನ ರಬ್ಬರಿನ ಉಂಗುರ ಹರಿದಿತ್ತು. ನನ್ನ ಕೀಲಿಯಿಲ್ಲದೆ ಉಗುರಿನಿಂದಲೂ ಬೀಗ ತಿರುಗುತ್ತಿತ್ತು. ನಾನು ಎಣ್ಣೆಯ ಮಹಿಮೆಯೆಂದು ಕೊಂಡಾಡಿದ್ದು ಮುರಿದ ಬೀಗವನ್ನು.

ನಾರಿನ ಕಾಗದವನ್ನು ಭಾಮೈದನ ಮುಂದೆ ಬಿಡಿಸಿದೆ.

ಅವನು ಬಗ್ಗಿ ನೋಡಿದ. "ತೆಂಗಿನ ಸೀಮೇಲಿ ನಾರು ಎಲ್ಲಿಲ್ಲ ಭಾವ? ನಮ್ಮನೆ ಸಾರಲ್ಲೂ ಒಂದೊಂದ್ಸಲ ಸಿಗ್ತದೆ."

ನಾನು ಕಾಗದವನ್ನು ಮತ್ತೆ ಮಡಿಸಿ ಜೇಬಿಗಿಟ್ಟೆ. ಅದೇ ಮಾತಿನ ಬೆನ್ನಿಗೆ ಅವನು ಇನ್ನೊಂದನ್ನು ಎತ್ತಿದ. ಗಾಡಿ ಇನ್ನು ಅಕ್ಕನ ಓಡಾಟಕ್ಕೆ ನಂಬುವಂಥದ್ದಲ್ಲವಂತೆ. ಮಂಚವನ್ನೂ ಶೌಚಾಲಯವನ್ನೂ ಕಿತ್ತರೆ ತಿಪಟೂರಿನ ಮಂಡಿಗೆ ಕೊಬ್ಬರಿ ಚೀಲ ಸಾಗಿಸಲು ಆಗುತ್ತದಂತೆ. "ಭಾನ್ವಾರ ಊಟಕ್ಕೆ ಬನ್ನಿ, ಕೂತ್ಕಂಡು ಮಾತಾಡಾನ," ಎಂದ.

ಭಾನುವಾರ ಹೋದೆವು. ನಾನು ನಾರಿನ ಮೇಲೆ ಒಂದು ದೀರ್ಘ ವಾದವನ್ನು ಸಿದ್ಧಪಡಿಸಿಕೊಂಡಿದ್ದೆ. ಅದರಲ್ಲಿ ಪೀಠಿಕೆಯೇ ಅರ್ಧ. ಊಟಕ್ಕೆ ಮೊದಲು ನನ್ನ ಹೆಂಡತಿ ಒಂದು ಕಾಯಿ ತರುತ್ತೇನೆಂದು ಶೆಡ್ಡಿಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದಳು. ಎಲೆ ಹಾಕಿ ಎಲ್ಲರೂ ಕೂತಾಗ, ಭಾಮೈದ ಶೌಚಾಲಯ ಕೀಳಿಸುವ ಮಾತಿಗೆ ಬಂದಾಗ, ಅವಳು ಸೆರಗಿನ ಮರೆಯಿಂದ ಒಂದು ವಸ್ತು ತೆಗೆದು ಅವನ ಎಲೆಯ ಪಕ್ಕ ಇಟ್ಟಳು. ಮುಷ್ಟಿಗಾತ್ರ ಗುಂಡಗೆ ಕತ್ತರಿಸಿ ಬಿರಡೆಯಂತೆ ಮಾಡಿದ, ತೆಂಗಿನಕಾಯಿ ಸುಲಿದ ಒಣ ನಾರಿನ ಮಟ್ಟೆ. ಅರ್ಧ ಭಾಗ ಕಪ್ಪಾಗಿತ್ತು.

"ಏನೋ ಇದು?"

"ಮಟ್ಟೆ ಕಣಕ್ಕ."

"ಮೂಸು."

ಅವನು ಮೂಸಲಿಲ್ಲ. ಡೀಸೆಲ್ಲಿನ ವಾಸನೆ ಸಾಲಿನ ಕೊನೆಗಿದ್ದ ನನಗೇ ಬಡಿದಿತ್ತು. ನಾನು ಪೀಠಿಕೆಗೆ ಬಾಯಿ ತೆರೆದೆ.

"ನೀವು ಸ್ವಲ್ಪ ಸುಮ್ನಿರಿ," ಎಂದಳು ಹೆಂಡತಿ. ಆ ವಾದ ಇಂದಿಗೂ ನನ್ನೊಳಗೇ ಇದೆ.

ಭಾಮೈದ ತಲೆ ತಗ್ಗಿಸಿ ಹೇಳಿದ್ದು ಇಷ್ಟು. ಮಳೆಗಾಲದಲ್ಲಿ ಕಾಯಿ ಸುರಿಯಲು ಶೆಡ್ಡಿನಲ್ಲಿ ಜಾಗ ಬೇಕಾಯಿತು. ಗಾಡಿ ತೆಗೆಯೋಣವೆಂದರೆ ಟ್ಯಾಂಕಿನಲ್ಲಿ ಡೀಸೆಲ್ ಇಲ್ಲ. ತಂದು ಹಾಕೋಣವೆಂದರೆ ಮುಚ್ಚಳದ ಕೀಲಿ ತುರುವೇಕೆರೆಯಲ್ಲಿ ನನ್ನ ಜೇಬಿನಲ್ಲಿದೆ. ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದರು. ಮುಚ್ಚಳ ರಿಪೇರಿಗೆ ಹೋಯಿತು. ಅದು ಅರೆಬರೆ ರಿಪೇರಿಯಾಗಿ ಬರುವವರೆಗೆ ಟ್ಯಾಂಕಿನ ಬಾಯಿಗೆ ಮಟ್ಟೆ ಕೆತ್ತಿ ಜಡಿದರು. ಗಾಡಿಯನ್ನು ಹೊರಗೆ, ಶೆಡ್ಡಿನ ಸೂರಿನಡಿ ನಿಲ್ಲಿಸಿದರು. ಸೂರಿನ ನೀರು ನೇರವಾಗಿ ಆ ಮಟ್ಟೆಯ ಮೇಲೆ ಬಿತ್ತು. ಮಟ್ಟೆ ನೀರು ಹೀರಿತು, ತುಂಬಿತು, ಒಳಗೆ ಇಳಿಸಿತು.

"ನೀರು ಹೋಗಿದೆ ಅಂತ ಗೊತ್ತಿತ್ತೇನೋ?" ಎಂದಳು ನನ್ನ ಹೆಂಡತಿ.

"ಒಂದಿಷ್ಟು ಹೋಗಿರ್ಬೌದು ಅನ್ಕಂಡೆ ಅಕ್ಕ. ಮಳೆ ನಿಂತ್ಮೇಲೆ ಒಳಕ್ಕೆ ತಂದು ನಿಲ್ಸಿದ್ನಲ್ಲ. ಅಟ್ಟದ ಮೇಲಿನ ಕಾಯಿ ಥರ ತಾನೇ ಇಂಗ್ತದೆ ಅನ್ಕಂಡಿದ್ದೆ."

ಯಾರೂ ನಗಲಿಲ್ಲ. ಒಂದು ವರ್ಷ ಮುಟ್ಟದೆ ಬಿಟ್ಟರೆ ಮುಚ್ಚಿದ ಕಾಯಿಯೊಳಗಿನ ನೀರು ತಾನಾಗಿ ಮಾಯವಾಗುವುದನ್ನು ನೋಡಿ ಬೆಳೆದವರು ನಾವೆಲ್ಲ. ನಮ್ಮ ಅನ್ನವೇ ಆ ನಂಬಿಕೆಯ ಮೇಲೆ ನಿಂತಿದೆ. ಟ್ಯಾಂಕಿಗೆ ಕಿವಿಯಿಟ್ಟು ಬಡಿದಿದ್ದ ನಾನು ಅವನನ್ನು ಮೂರ್ಖನೆನ್ನುವುದು ಹೇಗೆ? ಬಲು ಕಷ್ಟಪಟ್ಟು ಆ ಪದವನ್ನು ನುಂಗಿಕೊಂಡೆ.

"ನಾನು ಹೇಳ್ಬುಡಿ ಅಂದೆ ಅಣ್ಣ. ಇವ್ರು ಕೇಳ್ಲಿಲ್ಲ," ಎಂದಳು ಸಾರು ಬಡಿಸುತ್ತಿದ್ದ ಭಾಮೈದನ ಹೆಂಡತಿ.

"ಕೀ ಒಂದು ಇಲ್ಲಿ ಬುಟ್ಟೋಗಿದ್ರೆ ಇದೆಲ್ಲಾ ಇರ್ತಿರ್ಲಿಲ್ಲ ಭಾವ," ಎಂದು ಭಾಮೈದ ಸೇರಿಸಿದ.

ನನ್ನ ಹೆಂಡತಿ ಇಬ್ಬರನ್ನೂ ನೋಡಿದಳು. "ಗಾಡಿ ತುರುವೇಕೆರೆಗೆ ಬರುತ್ತೆ. ಮನೆ ಮುಂದೆ ಶೀಟು ಹಾಕಿಸ್ತೀವಿ. ಸಂಡಾಸು ಕೀಳೋ ಮಾತು ಇನ್ನೊಂದ್ಸಲ ಎತ್ತಬೇಡ. ಕೀ ನನ್ ಹತ್ರ ಇರುತ್ತೆ," ಎಂದು ಹೇಳಿ ಮಟ್ಟೆಯನ್ನು ಎತ್ತಿಕೊಂಡು ಹೋಗಿ ಬಚ್ಚಲೊಲೆಗೆ ಹಾಕಿದಳು. ನನ್ನ ಏಕೈಕ ಸಾಕ್ಷ್ಯವಸ್ತು ಧಗ್ಗೆಂದು ಉರಿದುಹೋಯಿತು.

ಅಂದಿನಿಂದ ಗಾಡಿ ನಮ್ಮ ಮನೆಯ ಮುಂದಿದೆ. ನಿಲ್ಲಿಸುವ ಮೊದಲು ಟ್ಯಾಂಕನ್ನು ಬಾಯಿಮಟ್ಟ ತುಂಬಿಸುತ್ತೇನೆ; ಕಳ್ಳರಿಗೆ ಅದು ಅನುಕೂಲವಾದರೆ ಆಗಲಿ. ಮುಚ್ಚಳ ಹೊಸದು, ರಬ್ಬರಿನ ಉಂಗುರ ಹೊಸದು. ಬಂಕಿನವರು ತಮ್ಮ ನೆಲದಡಿ ಟ್ಯಾಂಕಿಗೆ ಬಳಸುವ ಒಂದು ಲೇಪವಿದೆ, ನೀರು ತಾಕಿದರೆ ಬಣ್ಣ ತಿರುಗುತ್ತದೆ. ಅದನ್ನು ಸಂಪಾದಿಸಿ, ಕೋಲಿನ ತುದಿಗೆ ಸವರಿ, ತಳ ಮುಟ್ಟುವವರೆಗೆ ಇಳಿಸಿ ನೋಡುತ್ತೇನೆ. ಫಿಲ್ಟರಿನ ಅಡಿಯ ತಿರುಪನ್ನು ಸಡಿಲಿಸಿ ಮೊದಲು ಬಂದದ್ದನ್ನು ಗಾಜಿನ ಲೋಟಕ್ಕೆ ಹಿಡಿದು, ಮೇಲೆ ಕೆಳಗೆ ಎರಡು ಬಣ್ಣ ಕಾಣುತ್ತದೆಯೇ ಎಂದು ಬಿಸಿಲಿಗೆತ್ತಿ ಪರೀಕ್ಷಿಸುತ್ತೇನೆ. ಬೀದಿಯವರು ಇದನ್ನು ನನ್ನ ಅನುಷ್ಠಾನವೆಂದು ಕರೆಯುತ್ತಾರೆ. ಗಾಡಿ ಓಡದ ವಾರದಲ್ಲೂ ಇದು ತಪ್ಪುವುದಿಲ್ಲ. "ಏನ್ರೀ, ನನ್ ಬೀಪಿ ನೋಡಿಸಿ ಎಷ್ಟು ದಿನ ಆಯ್ತು?" ಎಂದು ಹೆಂಡತಿ ಒಳಗಿನಿಂದ ಕೇಳುತ್ತಾಳೆ. ಪ್ರತಿ ಸಲವೂ ಕೀಲಿಯನ್ನು ಅವಳಿಂದ ಕೇಳಿ ಪಡೆಯಬೇಕು, ಕೆಲಸವಾದ ಮೇಲೆ ಕೈ ತೊಳೆದುಕೊಂಡು ಹಿಂದಿರುಗಿಸಬೇಕು. ಲ್ಯಾಕ್ಟೋಮೀಟರು ಪಂಚೆಯ ತುಂಡಿನಲ್ಲಿ ವಿಶ್ರಾಂತಿಯಲ್ಲಿದೆ. ಡೀಸೆಲ್ಲಿನ ವಾಸನೆ ಅದರಿಂದ ಇನ್ನೂ ಪೂರ್ತಿ ಹೋಗಿಲ್ಲ.

ಮಗು ಹುಟ್ಟಿದ ಮೇಲೆ ಆ ಗಾಡಿಯಲ್ಲೇ ಹುಳಿಯಾರಿಗೆ ಹೋದೆವು. ಭಾಮೈದನೇ ಓಡಿಸಿದ, ಮಾತು ಕಡಿಮೆಯಿತ್ತು. ಗೇಟಿನ ಹತ್ತಿರ ಮೊಪೆಡ್ಡಿನ ಮುದುಕ ಕೈಯೆತ್ತಿದ. ನಾನು ಬೇರೆ ಕಡೆ ನೋಡಿದೆ. ನನ್ನ ಹೆಂಡತಿ ಕೈ ಬೀಸಿದಳು. ಅವಳು ದಾರಿಯುದ್ದಕ್ಕೂ ನೀರು ಕುಡಿದಳು. ಹುಳಿಯಾರಿನಲ್ಲಿ ಕೂಸಿನ ಬೆರಳುಗಳನ್ನು ಒಟ್ಟುಗೂಡಿಸಿ ಪುಟ್ಟ ಕರಿಬಳೆ ತೊಡಿಸಿದಳು. ಅದು ಮೊದಲನೆಯ ಬಳೆಯೇ, ಕೂಸಿನದು.

ಆಗ ಬಾಣಂತಿ ತನ್ನ ಸೀಮಂತದ ಚಿತ್ರಗಳನ್ನು ಫೋನಿನಲ್ಲಿ ತೋರಿಸಿದಳು. "ಎಷ್ಟೊತ್ತು ಕಾದೆ ಗೊತ್ತಾ ದೊಡ್ಡಮ್ಮ? ಹೊತ್ತು ಮೀರುತ್ತೆ ಅಂತ ಎಲ್ರೂ ಗದರಿದ್ರು. ಕೊನೇಗೆ ಅತ್ತೆ ತೊಡಿಸಿದ್ರು," ಎಂದಳು. ಚಿತ್ರದಲ್ಲಿ ಹುಡುಗಿ ಕೈ ನೀಡಿದ್ದಾಳೆ, ಮುಖ ಬಾಗಿಲ ಕಡೆಗಿದೆ. ಬಳೆ ತೊಡಿಸುತ್ತಿರುವವಳು ನನ್ನ ಭಾಮೈದನ ಹೆಂಡತಿ. ನನ್ನ ಹೆಂಡತಿ ಅದನ್ನು ತುಸು ಹೊತ್ತು ನೋಡಿ, "ಚೆನ್ನಾಗಿ ಬಂದಿದೆ," ಎಂದು ಫೋನನ್ನು ಹಿಂದಿರುಗಿಸಿದಳು. ದಾರಿಯಲ್ಲಿ ಆ ಮಾತೆತ್ತಲಿಲ್ಲ. ಎತ್ತಬಾರದೆಂದು ನನಗೂ ಕಣ್ಣಿನಲ್ಲೇ ಹೇಳಿದಳು. ಆದ್ದರಿಂದ ಎತ್ತುತ್ತಿಲ್ಲ, ಬರೆಯುತ್ತಿದ್ದೇನೆ.

ಭಾಮೈದನ ಮೇಲೆ ನನಗಿರುವ ದೂರುಗಳನ್ನೆಲ್ಲ ಇಳಿಸಿಟ್ಟಿದ್ದೇನೆ. ಅವನು ನೀರು ಇಂಗುತ್ತದೆಂದು ನಂಬಿದ್ದ, ನಂಬಿದ್ದರಿಂದಲೇ ಆ ಗಾಡಿಯನ್ನು ತಾನೇ ಓಡಿಸಿದ. ಆದರೆ ಅವನ ಹೆಂಡತಿಗೊಂದು ಪ್ರಶ್ನೆ ಉಳಿದಿದೆ. ಹೇಳಿಬಿಡಿ ಎಂದು ಗಂಡನಿಗೆ ಹೇಳಿದವಳು ನೀನು, ತಾಯಿ. ಗಾಡಿಯಲ್ಲಿ ಜಾಗ ಬೇಕಾದಷ್ಟಿದ್ದರೂ ಆ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆಯಲ್ಲ, ನಿನಗೆ ಸುತ್ತಿದ್ದು ತಲೆಯೇ, ಅಥವಾ ಗಾಡಿ ಹುಳಿಯಾರು ಮುಟ್ಟುವುದಿಲ್ಲವೆಂದು ನಿನಗೆ ಮೊದಲೇ ಗೊತ್ತಿತ್ತೇ?